ವಿಯೆನ್ನಾದ ಡಾ. ಸತ್ಯಪ್ರಕಾಶ್

೧೭ ಜನವರಿ ೨೦೨೧, ಭಾನುವಾರ

ಮಧ್ಯಾಹ್ನ ಪುಳಿಯೋಗರೆ ಮುಗಿದ ಶುಭಮುಹೂರ್ತದಲ್ಲಿ, ಡಬ್ಲಿನ್ನಿನ ಸ್ಯಾಂಟ್ರಿಯ ಈ ಬಾಡಿಗೆ ಮನೆಯ ಮಹಡಿಯ ಸಣ್ಣ ಕೋಣೆಯಲ್ಲಿ, ಮನೋವಿಜ್ಞಾನದ ಹೊಸ ಯುಗವೊಂದು ಆರಂಭವಾಯಿತೆಂದು ದಾಖಲಿಸಲು ನಮಗೆ ಹರ್ಷವಾಗುತ್ತದೆ. ಇಂದಿನಿಂದ ಡಾ. ಸತ್ಯಪ್ರಕಾಶ್ ಅವರು ಜನಸೇವೆಗೆ ಲಭ್ಯ. ವ್ಯಾಸಂಗ ವಿಯೆನ್ನಾ. ಪರಿಣತಿ ಕನಸು. ಎತ್ತರ, ತೂಕ, ಬ್ಲಡ್ ಗ್ರೂಪ್ ತಿಳಿದುಬಂದಿಲ್ಲ, ಏಕೆಂದರೆ ಅಂಥ ಡಾಕ್ಟರೇ ಇಲ್ಲ. ಇರುವುದು ಒಂದು ಹಳೆಯ ಫೋನು, ಮೊನ್ನೆ ಅಂಗಡಿಯಿಂದ ತಂದ ಒಂದು ಸಿಮ್ಮು, ಮತ್ತು ಮೈಸೂರಿನಿಂದ ಬಂದು ಇಲ್ಲಿ ಪರರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಉದ್ಯೋಗದಲ್ಲಿರುವ, ಪೃಥ್ವಿ ಎಂಬ ನಾಮಧೇಯದ ನಾವು.

ಕಾರಣ ಲಾಕ್‌ಡೌನ್. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿಲ್ಲ. ಐದರ ಒಳಗಿರುವುದು ಒಂದು ಪಾರ್ಕು, ಒಂದು ಅಂಗಡಿ, ವಿಮಾನ ಏಳದ ಒಂದು ವಿಮಾನ ನಿಲ್ದಾಣ. ಮನೆ ಮಾಲೀಕರು ಬಿಟ್ಟುಹೋದ ಶೆಲ್ಫಿನಲ್ಲಿ, ನೂರು ವರ್ಷಕ್ಕೂ ಹಿಂದಿನ ವಿಯೆನ್ನಾದ ಕನಸಿನ ಡಾಕ್ಟರುಗಳ ಬಗ್ಗೆ ಒಂದು ದಪ್ಪ ಪುಸ್ತಕ ಸಿಕ್ಕಿತು. ಮೂರು ಅಧ್ಯಾಯ ಓದಿದೆವು. ಸಾರಾಂಶ: ರೋಗಿಯನ್ನು ಸೋಫಾ ಮೇಲೆ ಮಲಗಿಸಬೇಕು, ಡಾಕ್ಟರು ತಲೆಯ ಹಿಂದೆ ಕಾಣದ ಹಾಗೆ ಕೂರಬೇಕು, ರೋಗಿ ಏನು ಕನಸು ಹೇಳಿದರೂ ಅದು ಗುಟ್ಟಾದ ಆಸೆಯ ಈಡೇರಿಕೆ ಎನ್ನಬೇಕು. ಉಳಿದ ಅಧ್ಯಾಯಗಳು ಅನಗತ್ಯವೆಂದು ತೀರ್ಮಾನಿಸಿ ಪುಸ್ತಕವನ್ನು ಲ್ಯಾಪ್‌ಟಾಪಿನ ಕೆಳಗಿಟ್ಟೆವು. ಮೀಟಿಂಗಿನಲ್ಲಿ ಮುಖ ಸರಿಯಾದ ಎತ್ತರಕ್ಕೆ ಬಂದಿದೆ.

ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಪ್ರಕಟಣೆ ಹಾಕಿದವನು ಪಕ್ಕದ ಕೋಣೆಯ ಅನಿಲ. ತನ್ನ ಕಸಿನ್‌ಗೆ ಪರಿಚಯದವರು, ಬಹಳ ದೊಡ್ಡ ಮನುಷ್ಯರು, ಕೋವಿಡ್ ಮುಗಿಯೋವರೆಗೂ ಕನಸಿನ ಅರ್ಥ ಫ್ರೀಯಾಗಿ ಹೇಳ್ತಾರೆ ಎಂದು ಬರೆದ. ಸುಳ್ಳು ಬರೆಯುವಾಗ ಅವನ ಕಾಗುಣಿತ ತಪ್ಪುವುದೇ ಇಲ್ಲ.

೨೯ ಜನವರಿ

ಚಿಕಿತ್ಸಾಲಯ ಭರ್ತಿಯಾಗಿ ನಡೆಯುತ್ತಿದೆ. ಕಮಲಾ ಆಂಟಿ, ಅಂದರೆ ಮಗನ ಮನೆಗೆಂದು ಬಂದು ವಿಮಾನವಿಲ್ಲದೆ ವರ್ಷದಿಂದ ಸಿಕ್ಕಿಹಾಕಿಕೊಂಡವರು, ಕನಸಿನಲ್ಲಿ ಹಲ್ಲೆಲ್ಲ ಉದುರಿ ಅಂಗೈಗೆ ಬಂತೆಂದು ಬರೆದಿದ್ದರು. ಡಾಕ್ಟರು ಗಂಭೀರವಾಗಿ ಯೋಚಿಸಿ, ತಮ್ಮ ಒಳಮನಸ್ಸು ಚಕ್ಕುಲಿಯನ್ನು ಬಯಸುತ್ತಿದೆ, ಹೊರಮನಸ್ಸು ಅದಕ್ಕೆ ಹೆದರುತ್ತಿದೆ ಎಂದು ತಿಳಿಸಿದರು. ಆಂಟಿ ಮಾರನೇ ದಿನವೇ ಚಕ್ಕುಲಿ ಕರಿದು ಫೋಟೋ ಹಾಕಿದರು. ಮೀಟಿಂಗಿಗೆ ಪ್ಯಾಂಟಿಲ್ಲದೆ ಹೋದೆನೆಂದು ಕನಸು ಕಂಡ ಮ್ಯಾನೇಜರ್ ಒಬ್ಬರಿಗೆ, ಇದು ಕನಸಲ್ಲ, ಕಳೆದ ಮಾರ್ಚಿನಿಂದ ತಾವು ನಡೆಸುತ್ತಿರುವ ಜೀವನ ಎಂದು ತೀರ್ಪಿತ್ತೆವು.

ನಮಗೆ ಮಾತ್ರ ಕನಸೇ ಬೀಳುವುದಿಲ್ಲ. ಮಹಾ ವೈದ್ಯರ ಲಕ್ಷಣ ಇರಬೇಕು.

೯ ಫೆಬ್ರವರಿ

ಬಲೆಗೆ ದೊಡ್ಡ ಮೀನು ಬಿತ್ತು. ವಂದನಕ್ಕ.

ಕೆಳಗಿನ ಕೋಣೆಯ ವಂದನಕ್ಕ ನಿಜವಾದ ಡಾಕ್ಟರು. ದಿನಾ ಕಾರಿನಲ್ಲಿ ಡ್ರೋಹೆಡಾದ ಆಸ್ಪತ್ರೆಗೆ ಹೋಗುತ್ತಾರೆ. ಬಂದ ತಕ್ಷಣ ಬಟ್ಟೆ ಮೆಷಿನ್ನಿಗೆ, ತಾವು ಸ್ನಾನಕ್ಕೆ, ಆಮೇಲೆ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಮೈಸೂರಿನ ಅಪ್ಪನ ಜೊತೆ ಸ್ಪೀಕರಿನಲ್ಲಿ ಮಾತು. ಅವರ ಅಪ್ಪ ಚಾಮರಾಜಪ್ಪನವರು ಮೈಸೂರು ಝೂನ ಗೇಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಈಗ ಹಿರಿಮಗನ ಮನೆಯಲ್ಲಿದ್ದಾರೆ. ಆನೆಗೆ ಕೇಳಿಸುವ ಹಾಗೆ ಮಾತಾಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಮಾತು ಯಾವಾಗಲೂ "ಯಾವಾಗ ಬರ್ತೀಯ ಮಗಳೇ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇಂದು ಅಕ್ಕ ಕೆಳಗೆ ಅಡುಗೆಮನೆಯಲ್ಲಿ ಕೂತು ಡಾ. ಸತ್ಯಪ್ರಕಾಶರಿಗೆ ಬರೆದರು. ಮೇಲೆ ನಮ್ಮ ದಿಂಬಿನ ಕೆಳಗೆ ಫೋನು ಟಿಂಗ್ ಎಂದಿತು.

"ನಮಸ್ಕಾರ ಡಾಕ್ಟ್ರೇ. ನಾನೂ ಡಾಕ್ಟರೇ. ಆಸ್ಪತ್ರೆಯಲ್ಲಿ ಸ್ಟಾಫಿಗೆ ಅಂತ ಕೌನ್ಸೆಲರ್ ಇದ್ದಾರೆ, ಒಳ್ಳೆಯವರು. ಆದ್ರೆ ನನಗೆ ಕನಸು ಬೀಳೋದು ಕನ್ನಡದಲ್ಲಿ. ಇಂಗ್ಲಿಷಲ್ಲಿ ಹೇಳಿದ್ರೆ ಅದು ಬೇರೆ ಯಾರದೋ ಕನಸಿನ ಹಾಗೆ ಕೇಳುತ್ತೆ."

ನಾವು ದಿಂಬು ಕಚ್ಚಿಕೊಂಡು ನಕ್ಕೆವು. ಅನಿಲನಿಗೆ ತೋರಿಸಿದರೆ ಅವನು ನಗಲಿಲ್ಲ. "ಇವರನ್ನ ಬಿಟ್ಬಿಡೋ. ನಿಂಗೆ ಜ್ವರ ಬಂದಾಗ ಬಾಗಿಲ ಹೊರಗೆ ಗಂಜಿ ಇಟ್ಟು ಹೋಗ್ತಿದ್ರಲ್ಲ" ಅಂದ. ಗಂಜಿಗೂ ವಿಜ್ಞಾನಕ್ಕೂ ಸಂಬಂಧವಿಲ್ಲವೆಂದು ತಿಳಿಸಿ ಉತ್ತರ ಬರೆಯಲು ಕುಳಿತೆವು.

೧೭ ಮಾರ್ಚ್

ಸೇಂಟ್ ಪ್ಯಾಟ್ರಿಕ್ಸ್ ಡೇ, ಐರಿಷರ ದೊಡ್ಡ ಹಬ್ಬ. ಮೆರವಣಿಗೆ ಈ ವರ್ಷವೂ ಇಲ್ಲ. ಪಕ್ಕದ ಮನೆಯ ಅಜ್ಜ ಹಸಿರು ಟೋಪಿ ಹಾಕಿಕೊಂಡು ಒಬ್ಬರೇ ಬೀದಿ ತುದಿವರೆಗೆ ನಡೆದು ವಾಪಸ್ ಬಂದರು. ಕಿಟಕಿಯಿಂದ ಚಪ್ಪಾಳೆ ತಟ್ಟಿದೆವು. "ಗ್ರ್ಯಾಂಡ್, ಗ್ರ್ಯಾಂಡ್" ಎಂದು ಕೈ ಎತ್ತಿದರು.

ಅಕ್ಕ ವಾರಕ್ಕೆ ಒಂದೆರಡು ಕನಸು ಕಳಿಸುತ್ತಾರೆ. ಒಂದರಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇರುತ್ತದಂತೆ, ಎತ್ತಲು ಬಟನ್ನೇ ಇರುವುದಿಲ್ಲವಂತೆ. ಫೋನ್ ಅಂದ ಕೂಡಲೇ ಮನಸ್ಸಿಗೆ ಏನು ಬರುತ್ತದೋ ಅದನ್ನೆಲ್ಲ ತಡೆಯದೆ ಬರೆಯಿರಿ ಎಂದು ಡಾಕ್ಟರು ಆಜ್ಞಾಪಿಸಿದರು. ಇದು ಎರಡನೇ ಅಧ್ಯಾಯದ ವಿದ್ಯೆ. ಅಕ್ಕ ಉದ್ದಕ್ಕೆ ಬರೆದರು. ದಿನವೆಲ್ಲ ರೋಗಿಗಳ ಮನೆಯವರಿಗೆ ತಾವೇ ಫೋನು ಮಾಡಿ ಸುದ್ದಿ ಹೇಳಬೇಕಂತೆ. ಮನೆಗೆ ಬಂದು ಅಪ್ಪನ ಫೋನು ನೋಡಿದರೆ ಒಂದೊಂದು ದಿನ, ಇವತ್ತು ಇದು ಬರದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದಂತೆ. "ಯಾವಾಗ ಬರ್ತೀಯ ಅಂತ ಕೇಳ್ತಾರೆ. ಏನು ಹೇಳ್ಲಿ?"

ಇದನ್ನು ಅನಿಲನಿಗೆ ತೋರಿಸಲಿಲ್ಲ. ವೃತ್ತಿಯ ಗೌಪ್ಯತೆ.

ಅಂದಹಾಗೆ ಅಕ್ಕ ಈಗ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ. ಬೆಳಿಗ್ಗೆ ದೋಸೆ ಹುಯ್ಯುವಾಗ ಏನೋ ಗುನುಗುತ್ತಿದ್ದರು. ಡಾ. ಸತ್ಯಪ್ರಕಾಶರಿಗೆ ಪದ್ಮಶ್ರೀ ಬಂದರೆ ಸ್ವೀಕರಿಸಲು ಯಾರು ಹೋಗಬೇಕೆಂಬ ಚಿಂತೆ ಶುರುವಾಗಿದೆ.

೧೩ ಏಪ್ರಿಲ್, ಯುಗಾದಿ

ಬೇವಿನ ಎಲೆ ಸಿಗಲಿಲ್ಲ, ಮೆಂತ್ಯದ ಕಾಳಿಗೆ ಬೆಲ್ಲ ಸೇರಿಸಿ ತಿಂದೆವು. ತಿನ್ನುತ್ತ ವಂದನಕ್ಕ, ನಿನ್ನೆ ವಾರ್ಡಿನ ಬಾಗಿಲಲ್ಲಿ ಒಬ್ಬನನ್ನು ವಾಪಸ್ ಕಳಿಸಬೇಕಾಯಿತು ಎಂದರು. ಕೈಯಲ್ಲಿ ಅವನ ಅಪ್ಪನ ಕನ್ನಡಕ ಹಿಡಿದುಕೊಂಡು ನಿಂತಿದ್ದನಂತೆ. ಕನ್ನಡಕ ತಗೊಂಡು ಬಾಗಿಲು ಹಾಕಿದರಂತೆ. ನಾವು ಎರಡನೇ ಹೋಳಿಗೆಗೆ ಕೈ ಹಾಕಿದ್ದೆವು.

ಮಧ್ಯಾಹ್ನ ಡಾಕ್ಟರ ಫೋನಿಗೆ ಕನಸು ಬಂತು. ಅಕ್ಕ ಝೂ ಗೇಟಿನಲ್ಲಿ ನಿಂತಿದ್ದಾರೆ, ಆಸ್ಪತ್ರೆಯ ಗೌನು, ಮಾಸ್ಕು, ಗ್ಲೌಸು ಎಲ್ಲ ಹಾಕಿಕೊಂಡು. ಚಿಕ್ಕವರಿದ್ದಾಗ ಅಪ್ಪನ ಜೊತೆ ಸಂಜೆ ಒಂದು ಸುತ್ತು ಹೋಗುತ್ತಿದ್ದರಂತೆ, "ಒಳಗೆ ಯಾರಾದ್ರೂ ಇದ್ದೀರಾ? ಗೇಟ್ ಹಾಕ್ತೀವಿ" ಎಂದು ಅಪ್ಪ ಕೂಗಿದರೆ ಇವರೂ ಕೂಗುತ್ತಿದ್ದರಂತೆ. ಕನಸಿನಲ್ಲಿ ಒಳಗೆ ಉಳಿದವರು ಅಪ್ಪನೇ. ಹೊರಗೆ ಬಿಡು ಎನ್ನುತ್ತಾರೆ. ಇವರು ತಲೆ ಅಲ್ಲಾಡಿಸಿ ಬೀಗ ಹಾಕುತ್ತಾರೆ. ಅಪ್ಪ ಅಲ್ಲೇ ಕಂಬಿಗೆ ಒರಗಿ ಕೂತು ಸತ್ತುಹೋಗುತ್ತಾರೆ.

"ಕನಸಲ್ಲಿ ಸತ್ತವರಿಗೆ ಆಯಸ್ಸು ಜಾಸ್ತಿ ಅಂತ ನಮ್ಮಜ್ಜಿ ಹೇಳ್ತಿದ್ರು. ಹಾಗೇ ಅಲ್ವಾ ಡಾಕ್ಟ್ರೇ?"

ಇಂಥ ಅವಕಾಶ ವಿಯೆನ್ನಾದಲ್ಲೂ ದಿನಾ ಸಿಗದು. ಡಾಕ್ಟರು ತಮ್ಮ ವೃತ್ತಿಜೀವನದ ಅತ್ಯಂತ ಗಂಭೀರ ಉತ್ತರ ಬರೆದರು. "ತಮ್ಮ ಅಜ್ಜಿಯ ಮಾತು ಮೂಢನಂಬಿಕೆ. ಆಪ್ತರ ಸಾವು ಕನಸಿನಲ್ಲಿ ಕಂಡರೆ, ಕಂಡವರ ಮನಸ್ಸು ಅದನ್ನು ಬಯಸಿದೆ ಎಂದೇ ಶಾಸ್ತ್ರದ ನಿರ್ಣಯ. ಅವರ ಫೋನು ಬರದಿದ್ದರೆ ಚೆನ್ನಾಗಿತ್ತೆಂದು ಈ ಹಿಂದೆ ತಾವೇ ಬರೆದಿದ್ದೀರಿ. ಬೀಗವೂ ತಮ್ಮ ಕೈಯಲ್ಲೇ ಇತ್ತೆಂಬುದನ್ನು ಗಮನಿಸತಕ್ಕದ್ದು."

"ಗಮನಿಸತಕ್ಕದ್ದು" ಎಂಬ ಪದಕ್ಕೆ ನಾವೇ ನಮಗೆ ಶಹಭಾಸ್ ಹೇಳಿಕೊಂಡೆವು.

ಉತ್ತರ ಬಂತು: "ಸರಿ."

೨೧ ಏಪ್ರಿಲ್

ಅಡುಗೆಮನೆ ಬಹಳ ಶಾಂತವಾಗಿದೆ. ಸಕ್ಕರೆ ಡಬ್ಬಿಗೆ ಫೋನು ಒರಗಿಸುವುದು ನಿಂತಿದೆ. ನಮ್ಮ ಸಂಜೆಯ ಮೀಟಿಂಗಿಗೆ ಆನೆಯ ಕಾಟವಿಲ್ಲ. ಡಾಕ್ಟರಿಗೆ ಹೊಸ ಕನಸುಗಳೂ ಬಂದಿಲ್ಲ. ಎರಡು ಸಲ ಫೋನು ತೆಗೆದು ನೋಡಿದೆವು.

೨೮ ಏಪ್ರಿಲ್

ಚಾಮರಾಜಪ್ಪನವರಿಗೆ ಜ್ವರ. ಟೆಸ್ಟ್ ಪಾಸಿಟಿವ್. ಮೈಸೂರಿನಲ್ಲಿ ಬೆಡ್ ಸಿಗುವುದು ಕಷ್ಟವಾಗಿ, ಅಣ್ಣ ಗುರುಪ್ರಸಾದ ಹೇಗೋ ಒಂದು ಕಡೆ ಸೇರಿಸಿದ್ದಾರೆ. ಇಲ್ಲಿಂದ ಹೋಗುವ ದಾರಿ ಇಲ್ಲ. ಹೋದರೂ ಬರುವ ದಾರಿ ಇಲ್ಲ.

ವಂದನಕ್ಕ ಅಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳುತ್ತಿದ್ದರು: ಬೋರಲು ಮಲಗಿಸು, ಸ್ಯಾಚುರೇಷನ್ ಎಷ್ಟು, ಯಾವ ಇಂಜೆಕ್ಷನ್ ಕೊಟ್ಟರು. ಆ ಕಡೆಯಿಂದ ಅಣ್ಣ, ಅಪ್ಪ ನಿನ್ನನ್ನೇ ಕೇಳ್ತಿದ್ದಾರೆ, ಕೊಡ್ಲಾ ಅಂದರು.

"ಬೇಡ. ನೀನೇ ಹೇಳು."

"ಒಂದ್ಮಾತು ಆಡೇ. ಎರಡು ವಾರದಿಂದ ಏನಾಗಿದೆ ನಿಂಗೆ?"

"ನಾನು ಆಡ್ಬಾರ್ದು ಅಣ್ಣ."

ನಾನು ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಕೆಳಗೆ ಇಳಿಯಲೂ ಇಲ್ಲ, ಮೇಲೆ ಹತ್ತಲೂ ಇಲ್ಲ. ಅನಿಲ ಕೋಣೆಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡಿದ. "ಏನೋ ಹೇಳಿದ್ದೆ ನೀನು ಅವರಿಗೆ?"

ಏನೂ ಇಲ್ಲ ಅಂದೆ.

೩೦ ಏಪ್ರಿಲ್

ಆಫೀಸಿಗೆ ಹುಷಾರಿಲ್ಲ ಅಂತ ಹೇಳಿ, ಲ್ಯಾಪ್‌ಟಾಪಿನ ಕೆಳಗಿಂದ ಪುಸ್ತಕ ತೆಗೆದೆ. ನಾಲ್ಕನೇ ಅಧ್ಯಾಯ. ಕನಸಿಗೆ ಅರ್ಥ ಹೇಳುವ ಮೊದಲು ಹಿಂದಿನ ದಿನ ಏನಾಯಿತು ಎಂದು ಕೇಳಬೇಕು, ಕನಸು ತನ್ನ ಸಾಮಾನನ್ನೆಲ್ಲ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ ಎಂದು ಆ ಡಾಕ್ಟರುಗಳೇ ಹೇಳಿದ್ದಾರಂತೆ. ಆಪ್ತರು ಸತ್ತಂತೆ ಕಂಡರೆ ಈಗ ಸಾಯಲಿ ಅನ್ನುವ ಆಸೆ ಎಂದು ತಿಳಿಯಬೇಡಿ ಅಂತಲೂ ಇದೆ. ಕನಸು ಕಂಡವರ ಬಾಯಿಂದಲೇ ಅರ್ಥ ಬರಬೇಕು, ಡಾಕ್ಟರು ಅವಸರ ಮಾಡಬಾರದು ಅಂತಲೂ ಇದೆ.

ಹಿಂದಿನ ದಿನ ಏನಾಯಿತು ಅಂತ ಅಕ್ಕ ಹೇಳಿದ್ದರು. ಬಾಗಿಲಲ್ಲಿ ಒಬ್ಬ, ಕೈಯಲ್ಲಿ ಅಪ್ಪನ ಕನ್ನಡಕ. ನಾನು ಹೋಳಿಗೆ ತಿನ್ನುತ್ತಿದ್ದೆ.

ಪುಸ್ತಕವನ್ನು ಮತ್ತೆ ಲ್ಯಾಪ್‌ಟಾಪಿನ ಕೆಳಗಿಡಲು ಮನಸ್ಸಾಗಲಿಲ್ಲ. ಮಂಚದ ಮೇಲೆ ಇದೆ.

೧ ಮೇ

ಡಾಕ್ಟರ ಫೋನಿನಿಂದ ಒಂದು ಮೆಸೇಜು ಬರೆದೆ: ಶಾಸ್ತ್ರವನ್ನು ಮರುಪರಿಶೀಲಿಸಲಾಗಿ, ತಮ್ಮ ಅಜ್ಜಿಯ ಮಾತೇ ಸರಿಯೆಂದು ಕಂಡುಬಂದಿರುತ್ತದೆ. ಹೀಗೆ ಸತ್ಯಪ್ರಕಾಶರೇ ಎಲ್ಲ ಸರಿಮಾಡಿ ವಿಯೆನ್ನಾಗೆ ವಾಪಸ್ ಹೋಗಿಬಿಡಬಹುದಿತ್ತು. ಓದಿ ನೋಡಿದೆ. ಮೊದಲಿನ ಉತ್ತರದ ಹಾಗೆಯೇ ಇತ್ತು, ಅದೇ ಗತ್ತು. ಅಳಿಸಿದೆ.

ಕೆಳಗೆ ಹೋದೆ. ಅಕ್ಕ ಪಾತ್ರೆ ತೊಳೆಯುತ್ತಿದ್ದರು. ಒರೆಸಿಕೊಟ್ಟೆ. ಹೇಳಲಿಲ್ಲ.

೨ ಮೇ, ಭಾನುವಾರ

ಹೇಳಿದೆ.

ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಹಳೆಯ ಫೋನನ್ನು ಕೈಯಲ್ಲಿಟ್ಟೆ. ಅವರದೇ ಮೆಸೇಜುಗಳು, ಈ ಕಡೆಯಿಂದ. ಮೇಲಿಂದ ಕೆಳಗೆ ಸರಿಸುತ್ತ ಹೋದರು. ನಾನು ಏನೇನೋ ಹೇಳುತ್ತಿದ್ದೆ. ವಿಯೆನ್ನಾ ಇಲ್ಲ, ಡಾಕ್ಟರಿಲ್ಲ, ಮೂರು ಅಧ್ಯಾಯ ಅಷ್ಟೇ ಓದಿದ್ದು, ನೀವು ಅಪ್ಪನ ಹತ್ತಿರ ಮಾತಾಡಿ, ಅದೆಲ್ಲ ಸುಳ್ಳು ಅಕ್ಕ.

ಬೈಯುತ್ತಾರೆ ಅಂದುಕೊಂಡಿದ್ದೆ. ಬಟ್ಟೆ ಕ್ಲಿಪ್ಪನ್ನು ತೆಗೆದು ಮತ್ತೆ ಅಲ್ಲೇ ಹಾಕಿದರು.

"ಡಾಕ್ಟ್ರು ಸುಳ್ಳು. ಸರಿ. ಫೋನ್ ಬರದಿದ್ರೆ ಚೆನ್ನಾಗಿತ್ತು ಅಂತ ನಾನು ಬರ್ದಿದ್ದು ಸುಳ್ಳಾ?"

ಇಷ್ಟು ದಿನ ಎಲ್ಲರಿಗೂ ಉತ್ತರ ಕೊಟ್ಟಿದ್ದೆ.

"ಅದು ನಿಂಗೆ ಹೇಳಿದ್ದಲ್ಲ ಕಣೋ. ನಿಂಗೆ ಆಗಿದ್ರೆ ಹೇಳ್ತಿರ್ಲಿಲ್ಲ" ಅಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಉಳಿದ ಬಟ್ಟೆ ನಾನು ಒಣಹಾಕಿದೆ. ಮಳೆ ಬಂತು, ತೆಗೆದೆ. ನಿಂತಿತು, ಮತ್ತೆ ಹಾಕಿದೆ.

೩ ಮೇ

ಇಂದು ರಜೆ. ಅಕ್ಕನಿಗೂ ಇತ್ತು. ಮಧ್ಯಾಹ್ನ ಬಾಗಿಲು ತಟ್ಟಿ ಕೆಳಗೆ ಬಾ ಅಂದರು. ಸೋಫಾದ ಹಿಂದೆ ಒಂದು ಕುರ್ಚಿ ಇಟ್ಟಿದ್ದರು. ತಾವು ಸೋಫಾ ಮೇಲೆ ಕೂತರು.

"ನಿಮ್ಮ ವಿಯೆನ್ನಾದಲ್ಲಿ ಡಾಕ್ಟ್ರು ತಲೆ ಹಿಂದೆ ಕೂರ್ತಾರಂತಲ್ಲ. ಕೂತ್ಕೋ. ನನಗೆ ಒಬ್ಬಳಿಗೇ ಆಗ್ತಿಲ್ಲ. ಬಾಯಿ ಮಾತ್ರ ತೆಗೀಬೇಡ."

ಕೂತೆ. ಅಕ್ಕ ಫೋನು ಮಾಡಿದರು. ಗುರುಪ್ರಸಾದಣ್ಣ ವಾರ್ಡಿನ ನರ್ಸಿಗೆ ಹೇಳಿ ಇಟ್ಟಿದ್ದರು ಅಂತ ಕಾಣುತ್ತದೆ, ಪರದೆಯಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿದ ಚಾಮರಾಜಪ್ಪನವರ ಮುಖ ಬಂತು. ನಾನು ಅಕ್ಕನ ಜಡೆಯನ್ನೇ ನೋಡುತ್ತಿದ್ದೆ. ಆನೆಗೆ ಕೇಳಿಸುವ ದನಿ ಈಗ ಫೋನಿಗೂ ಸರಿಯಾಗಿ ಕೇಳುತ್ತಿರಲಿಲ್ಲ.

ಅಕ್ಕ ಹೇಗಿದ್ದೀರಿ ಅಂತ ಕೇಳಲಿಲ್ಲ. ಕನಸು ಹೇಳಿದರು. ಪೂರ್ತಿ. ಗೇಟು, ಗೌನು, ಬೀಗ, ಕಂಬಿಗೆ ಒರಗಿದ್ದು. ಅಪ್ಪ ಸತ್ತಿದ್ದು. ಅದಕ್ಕೇ ಫೋನು ಮಾಡಲಿಲ್ಲ ಅಂತಲೂ ಹೇಳಿದರು.

ಆ ಕಡೆ ಮೆಷಿನ್ನಿನ ಸದ್ದು.

"ನಾನು ಸತ್ತೆನಾ? ಹಂಗಾದ್ರೆ ಸದ್ಯಕ್ಕೆ ಭಯ ಇಲ್ಲ ಬಿಡು" ಅಂದರು ಚಾಮರಾಜಪ್ಪ. ಉಸಿರು ತಗೊಂಡು, "ಟೈಮ್ ಆಗಿತ್ತಾ?" ಅಂತ ಕೇಳಿದರು.

"ಏನಪ್ಪಾ?"

"ಗೇಟ್ ಹಾಕೋ ಟೈಮು."

"ಆಗಿತ್ತು ಅನ್ಸುತ್ತೆ."

"ಮತ್ತೆ. ಹಾಕ್ಲೇಬೇಕು. ನಾನಾದ್ರೂ ಅಷ್ಟೇ, ಯಾರಾದ್ರೂ ಅಷ್ಟೇ. ಬೀಗ ಎಳೆದು ನೋಡ್ದೆ ತಾನೆ?"

ಅಕ್ಕ ನಗುತ್ತಿದ್ದಾರೋ ಅಳುತ್ತಿದ್ದಾರೋ ಹಿಂದಿನಿಂದ ಗೊತ್ತಾಗಲಿಲ್ಲ. ಅದಕ್ಕೇ ಡಾಕ್ಟರುಗಳು ಅಲ್ಲಿ ಕೂರುತ್ತಿದ್ದರೋ ಏನೋ. ನಾನು ಬಾಯಿ ತೆಗೆಯಲಿಲ್ಲ.

೮ ಮೇ

ಚಾಮರಾಜಪ್ಪನವರು ಹೋದರು.

೧೬ ಮೇ

ಮಣ್ಣು ಮಾಡುವುದನ್ನು ಅಕ್ಕ ಮಾರನೇ ದಿನವೇ ಫೋನಿನಲ್ಲಿ ನೋಡಿದ್ದರು. ನೆಟ್‌ವರ್ಕ್ ಹೋಗಿ ಹೋಗಿ ಬರುತ್ತಿತ್ತು. ಇಂದು ಅನಿಲ ಅಡುಗೆ ಮಾಡಿದ. ನಾನು ಅಕ್ಕನ ಬಾಗಿಲ ಹೊರಗೆ ತಟ್ಟೆ ಇಟ್ಟು ಬಂದೆ.

ಅಜ್ಜಿಯ ಮಾತೂ ಸುಳ್ಳಾಯಿತು, ನನ್ನದೂ. ಆದರೆ ಅಜ್ಜಿಯ ಸುಳ್ಳಿನಿಂದ ಯಾರೂ ಅಪ್ಪನ ಜೊತೆ ಮಾತು ಬಿಡುತ್ತಿರಲಿಲ್ಲ.

ಬಳಗದ ಗುಂಪಿನಲ್ಲಿ ನನ್ನ ಹೆಸರಿನಲ್ಲೇ ಬರೆದು ಹಾಕಿದೆ: ಸತ್ಯಪ್ರಕಾಶ್ ಅಂತ ಯಾರೂ ಇಲ್ಲ, ಅದು ನಾನು. ಕೆಲವರು ಬೈದರು. ಕಮಲಾ ಆಂಟಿ ಮಾತ್ರ, "ಚಕ್ಕುಲಿ ಚೆನ್ನಾಗಿ ಬಂದಿತ್ತು ಬಿಡಪ್ಪ. ಆದ್ರೆ ಯಾರ ಕನಸನ್ನೂ ಹಿಂಗೆ ಆಡ್ಕೋಬಾರ್ದು" ಅಂದರು. ಬೈದವರಿಗಿಂತ ಅವರ ಮಾತೇ ಹೆಚ್ಚು ಹೊತ್ತು ಕಿವಿಯಲ್ಲಿತ್ತು.

ಸಂಜೆ ಅಕ್ಕ ತಟ್ಟೆ ತೊಳೆದಿಟ್ಟು ಮೇಲೆ ಬಂದು ಬಾಗಿಲಲ್ಲಿ ನಿಂತರು.

"ನಿನ್ನ ಮಾತಿಂದ ಅಪ್ಪ ಹೋದ್ರು ಅಂತ ನಾನು ಅಂದ್ಕೊಂಡಿಲ್ಲ. ನಾನೂ ಡಾಕ್ಟ್ರು, ನಂಗೆ ಗೊತ್ತು. ಆದ್ರೆ ಆ ಎರಡು ವಾರ ಅಪ್ಪ ಚೆನ್ನಾಗಿದ್ರು ಪೃಥ್ವಿ. ಮಾತಾಡೋ ಹಾಗಿದ್ರು. ಅದನ್ನ ಮಾತ್ರ ನಾನು ಕ್ಷಮಿಸಿ ಬಿಡಲ್ಲ."

ಬಿಡಬೇಡಿ ಅಕ್ಕ ಅಂದೆ.

೨೩ ಮೇ

ನನಗೆ ಕನಸು ಬಿತ್ತು. ಒಂದು ಸಿಮ್ಮನ್ನು ನುಂಗಿದ್ದೆ, ಹೊಟ್ಟೆಯೊಳಗೆ ಟಿಂಗ್ ಟಿಂಗ್ ಅನ್ನುತ್ತಿತ್ತು. ಅರ್ಥ ಹುಡುಕಲು ಪುಸ್ತಕ ಬೇಕಾಗಲಿಲ್ಲ.

೧೩ ಜೂನ್, ಭಾನುವಾರ

ಅಕ್ಕ ಕೆಲಸಕ್ಕೆ ಹೋಗುವ ಮುಂಚೆ ನಾನೇ ಕಾಫಿ ಮಾಡುತ್ತೇನೆ. ಒಂದೊಂದು ದಿನ ಮಾತಾಡುತ್ತಾರೆ, ಒಂದೊಂದು ದಿನ ಇಲ್ಲ. ಇಂದು ಲೋಟ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತ, ಕನಸು ಬಿತ್ತು ಅಂದರು. ನಾನು ಸ್ಟೋವಿನ ಕಡೆ ತಿರುಗಿ ನಿಂತೆ.

ವಿಮಾನ ನಿಲ್ದಾಣವಂತೆ, ಇಲ್ಲೇ, ಡಬ್ಲಿನ್ನಿನದು. ಯಾರೂ ಇಲ್ಲ, ಎಲ್ಲ ಬಾಗಿಲು ಹಾಕಿದೆ. ಅಪ್ಪ ಬಂದರಂತೆ, ಖಾಕಿ ಯೂನಿಫಾರ್ಮಿನಲ್ಲಿ, ಕೈಯಲ್ಲಿ ಬೀಗದ ಕೈ ಗೊಂಚಲು. ಒಂದೊಂದೇ ಬಾಗಿಲು ತೆಗೆಯುತ್ತ, "ಒಳಗೆ ಯಾರಾದ್ರೂ ಇದ್ದೀರಾ?" ಅಂತ ಕೂಗುತ್ತ ಬಂದರಂತೆ. ಆ ಹಳೆಯ ದನಿಯಲ್ಲೇ, ಗ್ಲಾಸೆಲ್ಲ ಅದುರುವ ಹಾಗೆ.

ಕಾಫಿ ಆರುತ್ತಿತ್ತು.

"ಈಗ ಹೇಳು ಡಾಕ್ಟ್ರೇ. ಇದು ಆಸೆ ತಾನೆ?"

ಅಣಕಿಸುತ್ತಿದ್ದಾರೇನೋ ಅಂತ ತಿರುಗಿ ನೋಡಿದೆ. ಇಲ್ಲ, ನಿಜವಾಗಿಯೂ ಕೇಳುತ್ತಿದ್ದರು.

"ನಿಮಗೆ ಏನನ್ಸುತ್ತೆ ಅಕ್ಕ?"

"ಆಸೆ" ಅಂದರು.

"ಹೌದು ಅಕ್ಕ" ಅಂದೆ. "ಆಸೆ."

ಲೋಟ ಸಿಂಕಿನಲ್ಲಿಟ್ಟು ಕಾರಿನ ಕೀ ತಗೊಂಡರು. ಬಾಗಿಲ ಹತ್ತಿರ ನಿಂತು, ಸಂಜೆ ಪಾತ್ರೆ ನಿಂದು ಅಂದರು. ಪಾತ್ರೆ ತೊಳೆದು, ಒರೆಸಿ, ಸಕ್ಕರೆ ಡಬ್ಬಿಯನ್ನು ಅದರ ಜಾಗಕ್ಕೇ ಇಟ್ಟಿದ್ದೇನೆ.